ಹತ್ತೊಂಬತ್ತನೇ ಮಾರ್ಚಿನ ಹಾಜರಿ

ಭಾಂಡುಪಿನ ಆ ಮಷಿನ್ ಎಷ್ಟು ಭಾರವಿತ್ತು ಅಂದರೆ, ಅದನ್ನು ಹಡಗಿನಿಂದ ಇಳಿಸಿದ ದಿನ ಹಡಗು ಹಗುರಾಗಿ ನೀರಿನಿಂದ ಒಂದಾಳು ಎತ್ತರ ಮೇಲಕ್ಕೆ ಜಿಗಿಯಿತಂತೆ. ಅದಕ್ಕೆಂದೇ ಕಟ್ಟಿಸಿದ ಕೋಣೆಯಲ್ಲಿ ವರ್ಷವಿಡೀ ತಣ್ಣನೆ ಗಾಳಿ. ಖಂಡಪ್ಪ ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅವನ ಮೀಸೆಯ ಮೇಲಿನ ಬೆವರು ಬರ್ಫವಾಗಿರುತ್ತಿತ್ತು. ಕ್ಯಾಂಟೀನಿನ ದೂಜ ಅದನ್ನು ಕಿತ್ತು ಶರಬತ್ತಿಗೆ ಹಾಕುತ್ತಿದ್ದ. ಇದೆಲ್ಲ ಖಂಡಪ್ಪನೇ ಹೇಳಿದ್ದು. ದೂಜನನ್ನು ಕೇಳಿದರೆ, "ಒಂದೇ ಸಲ ಹಾಕಿದ್ದು ಮಾರಾಯ್ರೆ, ದಿನಾ ಅಲ್ಲ" ಅನ್ನುತ್ತಿದ್ದ.

ಇದು ಎಪ್ಪತ್ತೆರಡನೇ ಇಸವಿಯ ಮಾತು. ಕಂಪ್ಯೂಟರ್ ಅನ್ನುವ ಹೆಸರನ್ನು ಮುಂಬೈಯಲ್ಲೂ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಕೇಳಿರಲಿಲ್ಲ. ಕೇಳಿದ ಒಬ್ಬರೂ ಅದೊಂದು ಬಗೆಯ ಗಿರಣಿ ಅಂದುಕೊಂಡಿದ್ದರು. ಖಂಡಪ್ಪನ ಪಾಲಿಗೆ ಅದು ಗಿರಣಿಯೇ. ಒಂದು ಕಡೆ ಕಾರ್ಡು ಸುರಿಯಬೇಕು, ಇನ್ನೊಂದು ಕಡೆ ಕಾಗದ ಬರುತ್ತದೆ.

ಆ ಕಾರ್ಡುಗಳಿಗೆ ತೂತು ಹೊಡೆಯುವ ಹುಡುಗಿಯರು ಕೂರುತ್ತಿದ್ದದ್ದು ಪರೇಲ್‌ನಲ್ಲಿ. ಮಷಿನ್ ಇದ್ದದ್ದು ಭಾಂಡುಪಿನಲ್ಲಿ. ನಡುವೆ ಇದ್ದವನು ಖಂಡಪ್ಪ. ಇಂಡಿ ಕಡೆಯವನು, ವಯಸ್ಸು ನಲವತ್ತೈದು, ಓದು ಮೂರನೇ ಇಯತ್ತೆ, ಅದೂ ಮಾಸ್ತರರು ರಜೆ ಹೋಗದ ದಿನಗಳಷ್ಟೇ. ಇಪ್ಪತ್ತು ವರ್ಷ ಬಟ್ಟೆ ಗಿರಣಿಯ ಘಡಿ ಖಾತೆಯಲ್ಲಿ ಅರಿವೆ ಅಳೆದು ಮಡಚಿದವನು. ಈಗ ಎರಡು ಸಾವಿರ ಕಾರ್ಡಿನ ಉದ್ದನೆಯ ಟ್ರೇಯನ್ನು ತಲೆಯ ಮೇಲಿಟ್ಟುಕೊಂಡು ಪರೇಲ್ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹತ್ತಿ ಭಾಂಡುಪಿನಲ್ಲಿ ಇಳಿಯುವುದು ಅವನ ಕೆಲಸ. ಒಮ್ಮೆ ಕುರ್ಲಾದ ಗದ್ದಲದಲ್ಲಿ ಅವನು ಕಾಲು ನೆಲಕ್ಕೆ ತಾಗದೆಯೇ ಘಾಟ್ಕೋಪರ್ ತನಕ ಗಾಳಿಯಲ್ಲೇ ಹೋದನಂತೆ. ಆದರೆ ಟ್ರೇ ಮಾತ್ರ ಅಲುಗಾಡಲಿಲ್ಲವಂತೆ. ಯಾರೋ ಒಬ್ಬ ಅದನ್ನು ರೈಲಿನ ಅಟ್ಟ ಅಂದುಕೊಂಡು ತನ್ನ ಡಬ್ಬಿಯನ್ನು ಮೇಲಿಟ್ಟು ನಿದ್ದೆ ಹೋದನಂತೆ.

ಹೀಗೆಲ್ಲ ಹೇಳುವ ಮನುಷ್ಯ ಕೆಲಸದಲ್ಲಿ ಮಾತ್ರ ಬಲು ಬಿಗಿ. ಕಾರ್ಡು ಒಂದರ ಹಿಂದೆ ಒಂದು ಇರಬೇಕು. ಒಂದು ಹಿಂದೆಮುಂದೆಯಾದರೂ ಲೆಕ್ಕ ಕೆಡುತ್ತದೆ. ಅದಕ್ಕೆ ಅವನದೇ ಒಂದು ಪದ್ಧತಿಯಿತ್ತು. ಗಿರಣಿಯಲ್ಲಿ ಅರಿವೆಯ ಮೇಲೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಖಡು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಪರೇಲ್‌ನಲ್ಲಿ ಟ್ರೇ ಕೈಗೆ ಬಂದ ಕೂಡಲೇ ಕಾರ್ಡುಗಳ ತಲೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಒಂದು ಓರೆ ಗೆರೆ ಎಳೆಯುತ್ತಿದ್ದ. ಒಂದೇ ಒಂದು ಕಾರ್ಡು ಜಾಗ ಬಿಟ್ಟರೂ ಆ ಗೆರೆ ಮುರಿದ ಹಲ್ಲಿನ ಹಾಗೆ ಕಾಣುತ್ತಿತ್ತು.

ಜುಲೈ ತಿಂಗಳ ಒಂದು ಸೋಮವಾರ, ಮಳೆ ಧೋ ಅಂತ ಹೊಡೆಯುತ್ತಿರುವಾಗ, ಮ್ಯಾನೇಜರ್ ಬಸವಂತರಾಯರು ಖಂಡಪ್ಪನನ್ನು ಒಳಗೆ ಕರೆಸಿದರು. ಕಲಬುರ್ಗಿ ಕಡೆಯವರು, ದೊಡ್ಡ ಓದು ಓದಿದವರು. ಮೇಜಿನ ಮೇಲೆ ಲಂಡನ್ನಿನಿಂದ ಬಂದ ಟೆಲೆಕ್ಸ್ ಬಿದ್ದಿತ್ತು. ಪಕ್ಕದಲ್ಲಿ ವಿನೋದಿನಿ ನಿಂತಿದ್ದಳು. ಮಷಿನ್ನಿಗೆ ಪ್ರೋಗ್ರಾಂ ಬರೆಯುವವಳು ಅವಳೇ. ಅಪ್ಪನದು ಮಾಟುಂಗಾದಲ್ಲಿ ಹೋಟೆಲು. ಮನೆಯಲ್ಲಿ ತುಳು, ಆಫೀಸಿನಲ್ಲಿ ಇಂಗ್ಲಿಷ್, ರಸ್ತೆಯಲ್ಲಿ ಹಿಂದಿ. ಕನ್ನಡ ಬಳಸುತ್ತಿದ್ದದ್ದು ಅಜ್ಜಿಯ ಹತ್ತಿರ ಮತ್ತು ಖಂಡಪ್ಪನ ಹತ್ತಿರ.

"ನೋಡಪಾ ಖಂಡಪ್ಪ," ಅಂದರು ಬಸವಂತರಾಯರು. "ಲಂಡನ್ನಿನ ಹಡಗಿನ ಕಂಪನಿದು ಕೆಲಸ ಮಾಡಿದ್ವಲ್ಲ, ಖಲಾಸಿಗಳು ಎಷ್ಟೆಷ್ಟು ದಿನ ಹಡಗಿನ್ಯಾಗ ಇದ್ರು ಅಂತ? ನೂರಾ ಎಂಬತ್ತು ದಿನ ಮುಗಿಸಿದವ್ರಿಗೆ ಮ್ಯಾಲಿನ ದರ್ಜೆ ಕೊಡ್ತಾರ. ಹದಿನಾಕು ಮಂದಿಗೆ ನಮ್ಮ ಕಾಗದ ನೂರಾ ಎಪ್ಪತ್ತೊಂಬತ್ತು ಅಂತ ತೋರಿಸ್ಯದ. ಒಂದೊಂದು ದಿನ ಕಮ್ಮಿ. ಅವ್ರು ದಂಗೆ ಎದ್ದಾರ."

"ಏಳಬೇಕ್ರಿ. ನಾನಾದ್ರ ಹಡಗs ಮುಳುಗಿಸ್ತಿದ್ದೆ."

"ಚೇಷ್ಟೆ ಬ್ಯಾಡ. ಉಳಿದವ್ರದ್ದೆಲ್ಲ ಸರಿ ಅದ, ಇವರದಷ್ಟs ತಪ್ಪು. ಪ್ರೋಗ್ರಾಂ ತಪ್ಪಿದ್ರ ಎಲ್ಲರದೂ ತಪ್ಪಬೇಕು. ಮಷಿನ್ ಅಂತೂ ಸುಳ್ಳು ಹೇಳಂಗಿಲ್ಲ. ಉಳಿದವ ಯಾರು?"

ಖಂಡಪ್ಪ ಸುತ್ತ ನೋಡಿದ. ಉಳಿದವನು ಅವನೊಬ್ಬನೇ.

"ಲೋಕಲ್‌ನ್ಯಾಗ ಟ್ರೇ ಬಿದ್ದದ. ನೀ ಆರಿಸಿ ಹೆಂಗ್ಬೇಕೋ ಹಂಗ ತುಂಬಿದಿ. ಹೌದಿಲ್ಲೊ?"

"ಬಿದ್ದಿಲ್ರಿ ಸಾಹೇಬ್ರ. ನನ್ನ ನೀಲಿ ಗೆರಿ ಐತಿ, ತಗದು ನೋಡ್ರಿ."

"ಗೆರಿ ಆಮ್ಯಾಲೂ ಎಳೀಬಹುದು. ಇಕಾ, ಇಲ್ಲಿ ಬರದದ. ಕಾರ್ಡು ನನ್ನ ಕೈಯಿಂದ ಬಿದ್ದವು, ಮಾಫಿ ಇರಲಿ ಅಂತ. ಒಂದು ಸಹಿ ಹಾಕು. ನಿನ್ನ ಗೇಟಿಗೆ ಹಾಕ್ತೀನಿ, ಅಲ್ಲಿ ಸುಮ್ಮ ಕುಂತಿರು."

"ಬೀಳಿಸದs ಬೀಳಿಸೀನಿ ಅಂತ ಹೆಂಗ ಬರದು ಕೊಡ್ಲಿ?"

ಬಸವಂತರಾಯರಿಗೆ ಸಿಟ್ಟು ಬಂತು. "ಮೀಸಿ ಮ್ಯಾಲೆ ಬರ್ಫ ಬೀಳತೈತಿ ಅನ್ನಾವ ನೀನು. ಕಾಲು ನೆಲಕ್ಕ ಹತ್ತದs ಘಾಟ್ಕೋಪರ್ ಮುಟ್ಟಿದೆ ಅನ್ನಾವ ನೀನು. ಈಗ ನಿನ್ನ ಮಾತು ಯಾರು ನಂಬಬೇಕು?"

ಈ ಒಂದು ಏಟು ಮಾತ್ರ ಖಂಡಪ್ಪನಿಗೆ ತಾಗಿತು. ನಲವತ್ತೈದು ವರ್ಷ ಹಗಲೆಲ್ಲ ಸುಳ್ಳಿನ ಬುಗ್ಗೆ ಹಾರಿಸಿ ಜನರನ್ನು ನಗಿಸಿದವನಿಗೆ, ಬೇಕಾದ ದಿನ ಖರೇ ಮಾತೊಂದು ಚಲಾವಣೆಯಾಗಲಿಲ್ಲ. ಅವನು ಕಾಗದವನ್ನು ಎರಡು ಬೆರಳಿನಿಂದ ಹಿಂದಕ್ಕೆ ತಳ್ಳಿದ.

"ಹಂಗಾರ ಹೊರಗ ನಿಂದ್ರು," ಅಂದರು ಬಸವಂತರಾಯರು. "ಸಹಿ ಹಾಕೂತನಕ ಒಳಗ ಕಾಲಿಡಬ್ಯಾಡ. ಇವತ್ತಿನ ಹಾಜರೀನೂ ಇಲ್ಲ. ಗುರುವಾರ ಲಂಡನ್ನಿಗೆ ಜವಾಬು ಹೋಗಬೇಕು. ಅಷ್ಟರಾಗ ಸಹಿ ಆಗಲಿಲ್ಲಂದ್ರ ಹೊಸಾ ಆಳು ಬರ್ತಾನ."

ಆಗ ಮಧ್ಯಾಹ್ನ ಹನ್ನೆರಡು ಗಂಟೆ.

ಸಂಜೆ ಪರೇಲ್ ಚಾಳಿನಲ್ಲಿ ಸೋಮವ್ವ ರೊಟ್ಟಿ ಬಡಿಯುತ್ತಾ ಗಂಡನ ಮಾತನ್ನೆಲ್ಲ ಕೇಳಿದಳು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಟ್ರೇ ಬಿದ್ದಿತ್ತೇನು?"

"ನೀನೂ ಕೇಳ್ತೀಯಲ್ಲ!"

"ಕೇಳಬೇಕಾಗತೈತಿ. ಮದಿವಿ ದಿನ ಬಂಡಿ ಎತ್ತು ನನ್ನ ನೋಡಿ ನಕ್ಕಿತು ಅಂದವ್ರು ನೀವು."

"ಎತ್ತು ನಕ್ಕಿದ್ದು ಖರೇ. ಟ್ರೇ ಬಿದ್ದಿಲ್ಲ."

"ಬೀಳಿಸಿದ್ರ ಸಹಿ ಹಾಕ್ರಿ. ಬೀಳಿಸಿಲ್ಲಂದ್ರ ರೊಟ್ಟಿ ತಿಂದು ಮಲಗ್ರಿ. ಅದಕ್ಯಾಕ ಮಾರಿ ಹಿಂಗ ಮಾಡ್ಕೊಂಡ್ ಕುಂತೀರಿ?"

ಖಂಡಪ್ಪ ನಾಲ್ಕು ರೊಟ್ಟಿ ತಿಂದ. ಅವನ ಲೆಕ್ಕದಲ್ಲಿ ಹದಿನಾರು.

ಗೋಡೆಯ ಮೇಲೆ, ದೇವರ ಪಟದ ಕೆಳಗೆ, ಇದ್ದಿಲಿನ ಸಣ್ಣ ಸಣ್ಣ ಗೆರೆಗಳ ಸಾಲಿತ್ತು. ಅದು ಅವನಪ್ಪ ಅಣವೀರಪ್ಪ ಹಾಕಿಕೊಟ್ಟ ರೂಢಿ. ಕೆಲಸಕ್ಕೆ ಹೋದ ಪ್ರತಿ ದಿನಕ್ಕೆ ಒಂದು ಗೆರೆ. ಮಸ್ಟರ್ ಪುಸ್ತಕದಲ್ಲಿ ಕಾರಕೂನ ಏನು ಬರೆದುಕೊಳ್ಳುತ್ತಾನೋ ಬರೆದುಕೊಳ್ಳಲಿ, ಮನೆಯ ಗೋಡೆಯಲ್ಲಿ ನಮ್ಮ ಹಾಜರಿ ನಮ್ಮ ಕೈಯಲ್ಲಿರಬೇಕು. ಖಂಡಪ್ಪ ಸೋಮವಾರದ ಗೆರೆ ಎಳೆಯಲು ಇದ್ದಿಲು ಹಿಡಿದು ನಿಂತ. ಆಮೇಲೆ ಇದ್ದಿಲನ್ನು ಕೆಳಗಿಟ್ಟ. ಈ ಗೆರೆ ಇಲ್ಲಿ ಬೇಡ, ಸಾಹೇಬರ ಕಣ್ಣೆದುರೇ ಇರಲಿ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವನು ಭಾಂಡುಪಿನ ಗೇಟಿನಲ್ಲಿದ್ದ. ಒಳಗೆ ಬಿಡಲಿಲ್ಲ. ಗೇಟಿನ ತಗಡಿನ ಪತ್ರಾದ ಕೆಳಗೆ, ಮಳೆ ತಾಗದ ಗೋಡೆಯ ಮೇಲೆ, ನೀಲಿ ಖಡುವಿನಿಂದ ಒಂದು ಮಾರುದ್ದದ ಗೆರೆ ಎಳೆದ. ಅದು ಸೋಮವಾರದ್ದು. ಪಕ್ಕದಲ್ಲೇ ಇನ್ನೊಂದು. ಅದು ಮಂಗಳವಾರದ್ದು. ಎದುರಿಗೆ ಛತ್ರಿ ಬಿಚ್ಚಿ ಕೂತ.

ಹತ್ತು ಗಂಟೆಗೆ ದೂಜ ಚಹಾ ತಂದುಕೊಟ್ಟ. "ಎಂತ ಮಾರಾಯಾ, ಸತ್ಯಾಗ್ರಹವಾ?"

"ಡ್ಯೂಟಿ. ಬೆಳಗಾತು, ಬಂದೆ."

"ಒಳಗೆ ಎಲ್ಲ ಹೇಳ್ತಾರೆ, ನೀನು ಸಹಿ ಹಾಕಿದ್ರೆ ಸುಖ ಅಂತ. ಗೇಟಲ್ಲಿ ಕೂತ್ಕೊಂಡು ಬೀಡಿ ಸೇದ್ಬಹುದು ಅಂತ."

"ಗೇಟಿನ್ಯಾಗ ಈಗೂ ಕುಂತೀನಲ್ಲೋ. ಸಹಿ ಹಾಕದs ಕುಂತೀನಿ."

ದೂಜ ಸ್ವಲ್ಪ ಯೋಚಿಸಿ, ಇದೂ ಸರಿಯೇ ಅಂದು ಒಳಗೆ ಹೋದ. ಸಂಜೆಯೊಳಗೆ ಈ ಮಾತು ಆಫೀಸಿನಲ್ಲೆಲ್ಲ ಹರಡಿ ಬಸವಂತರಾಯರ ಕಿವಿಗೂ ಬಿತ್ತು. ಅವರು ಕಿಟಕಿ ಮುಚ್ಚಿಸಿದರು.

ಬುಧವಾರ ಮೂರನೇ ಗೆರೆ ಬಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ವಿನೋದಿನಿ ಕಾಗದದ ಕಟ್ಟು ಹಿಡಿದು ಗೇಟಿಗೆ ಬಂದಳು. ಕಣ್ಣು ಕೆಂಪಾಗಿತ್ತು. ಛತ್ರಿ ಇರಲಿಲ್ಲ. ಖಂಡಪ್ಪ ತನ್ನದನ್ನು ಅವಳ ಮೇಲೆ ಹಿಡಿದ.

"ಮಾಮಾ, ಸಚ್ ಹೇಳಿ. ಟ್ರೇ ಬಿತ್ತಾ?"

"ನಿಮ್ಮ ಮಷಿನ್ ಆಣಿ ಮಾಡ್ಲೇನ್ರಿ ಬಾಯಾರ?"

"ನಾನು ನಿಮ್ಮ ಲೈನ್ ನೋಡಿದೆ. ಎಲ್ಲಾ ಕಾರ್ಡೂ ತೆಗ್ದು ನೋಡಿದೆ. ಎಲ್ಲೂ ಕಟ್ ಆಗಿಲ್ಲ. ಮತ್ತೆ ತಪ್ಪು ಎಲ್ಲಿಂದ ಬಂತು? ಎರಡು ದಿನ ಆಯ್ತು, ಪ್ರೋಗ್ರಾಂ ಬಾರಿ ಬಾರಿ ಓದಿದೆ. ಒಂದು ಅಕ್ಷರ ಗಲತ್ ಇಲ್ಲ."

"ತಪ್ಪಿದವ್ರು ಯಾರ್ಯಾರು, ಓದ್ರಿ ನೋಡೋಣ."

ಅವಳು ಓದಿದಳು. ಡಿಸೆಂಬರ್ ಐದಕ್ಕೆ ಹಡಗು ಹತ್ತಿದವನು, ಜೂನ್ ಎರಡಕ್ಕೆ ಇಳಿದವನು. ಕೈಯಲ್ಲಿ ಎಣಿಸಿದರೆ ನೂರ ಎಂಬತ್ತು, ಮಷಿನ್ ಹೇಳಿದ್ದು ನೂರ ಎಪ್ಪತ್ತೊಂಬತ್ತು. ಹದಿನಾಲ್ಕು ಮಂದಿಯೂ ಚಳಿಗಾಲದಲ್ಲಿ ಹತ್ತಿ ಬೇಸಿಗೆಯಲ್ಲಿ ಇಳಿದವರು.

"ಸರಿ ಬಂದವ್ರು?"

"ಏಪ್ರಿಲ್‌ನಲ್ಲಿ ಹತ್ತಿ ಜೂನ್‌ನಲ್ಲಿ ಇಳಿದವ್ರು, ಎಲ್ಲಾ ಕರೆಕ್ಟ್. ನವೆಂಬರ್‌ನಲ್ಲಿ ಹತ್ತಿ ಫೆಬ್ರವರಿಯಲ್ಲಿ ಇಳಿದವ್ರು, ಕರೆಕ್ಟ್."

"ಅಂದ್ರ ಫೆಬ್ರವರಿ ಏಪ್ರಿಲ್ ನಡುವ ಒಂದು ದಿನ ಕಳದೈತಿ. ಅದನ್ನ ದಾಟಿ ಬಂದವ್ರಿಗಷ್ಟs ಕಮ್ಮಿ. ಆ ದಿನ ಅಲ್ಲಿ ಏನಾರ ಆಗಿತ್ತೇನು? ಭೂಕಂಪ ಗೀಕಂಪ?"

ವಿನೋದಿನಿ ಅಷ್ಟು ಬೇಜಾರಿನಲ್ಲೂ ನಕ್ಕಳು. "ಭೂಕಂಪ ಎಂತದ್ದೂ ಇಲ್ಲ. ಲಂಡನ್‌ನಲ್ಲಿ ಗಡಿಯಾರ ತಿರುಗಿಸ್ತಾರೆ, ಅಷ್ಟೇ. ಬೇಸಿಗೆ ಬಂದಾಗ ಒಂದು ಗಂಟೆ ಮುಂದೆ ಇಡ್ತಾರೆ, ಚಳಿಗಾಲಕ್ಕೆ ಅಕ್ಟೋಬರ್‌ನಲ್ಲಿ ಹಿಂದೆ. ಈ ಸಲ ಮಾರ್ಚ್ ಹತ್ತೊಂಬತ್ತಕ್ಕೆ ಮುಂದೆ ಇಟ್ಟಿದ್ದು. ಅದನ್ನೂ ನಾನು ಪ್ರೋಗ್ರಾಂನಲ್ಲಿ ಹಾಕಿದ್ದೇನೆ. ಅದು ಮಿಸ್ ಆಗ್ಲಿಲ್ಲ."

ಖಂಡಪ್ಪ ಛತ್ರಿ ಹಿಡಿದಿದ್ದ ಕೈಯನ್ನು ಕೆಳಗಿಳಿಸಿಬಿಟ್ಟ. ಇಬ್ಬರೂ ತೊಯ್ದರು.

"ಗಡಿಯಾರ ಮುಂದ ಇಟ್ರೇನು?"

"ಹೌದು. ಯಾಕೆ?"

"ನಮ್ಮಪ್ಪನ ಹಾಜರಿ ನುಂಗಿದ್ದೂ ಅದs ಕಳ್ಳ!"

ಅವನು ಅವಳನ್ನು ಪತ್ರಾದ ಕೆಳಗೆ ಎಳೆದು ಕೂರಿಸಿ ಹೇಳಿದ. ಈ ಸಲ ಮಾತಿಗೆ ಬುಗ್ಗೆ ಕಟ್ಟಲಿಲ್ಲ. ನಲವತ್ತೆರಡನೇ ಇಸವಿ, ದೊಡ್ಡ ಯುದ್ಧದ ಕಾಲ. ಮೊದಲೇ ಮುಂಬೈಗೆ ತನ್ನದೊಂದು ಟೈಮು, ರೈಲಿಗೆ ಇನ್ನೊಂದು ಟೈಮು. ಅದರ ಮೇಲೆ ಸರ್ಕಾರ ಇಡೀ ದೇಶದ ಗಡಿಯಾರವನ್ನೇ ಒಂದು ತಾಸು ಮುಂದೆ ತಳ್ಳಿತು. ಆ ರಾತ್ರಿ ಪಾಳಿಗೆ ಹೋದ ಅಣವೀರಪ್ಪ ಬೆಳಗಿನ ಭೋಂಗಾ ಕೂಗಿದ ಮೇಲೆ ಹೊರಗೆ ಬಂದ. ಕಾರಕೂನ ಕೈಗಡಿಯಾರ ನೋಡಿ, ಪಾಳಿಯಲ್ಲಿ ಒಂದು ತಾಸು ಕಮ್ಮಿ ಬಿದ್ದಿದೆ, ಪೂರಾ ಪಾಳಿಯಾಗದೆ ಹಾಜರಿ ಇಲ್ಲ ಅಂದ. ಉಳಿದವರು ಗೊಣಗಿ ಮನೆಗೆ ಹೋದರು. ಅಣವೀರಪ್ಪ ಹೋಗಲಿಲ್ಲ. ಸಂಜೆ ಹೊದ್ದು ಬಂದಿದ್ದ ಕಂಬಳಿಯನ್ನು ಗೇಟಿನಲ್ಲಿ ಹಾಸಿ ಕೂತು, "ರಾತ್ರಿ ಹೋತು, ಬೆಳಗಾತು, ನಾ ಒಳಗಿದ್ದೆ. ಹಾಜರಿ ಒಂದು" ಅಂತ ಮೂರು ದಿನ ಕೂಗಿದ. ಯಾರೂ ಕೊಡಲಿಲ್ಲ. ಸಾಯುವ ತನಕ ಅವನ ಬಾಯಲ್ಲಿ ಒಂದೇ ಮಾತು, ಮಿಲ್ಲಿನ ಕಡೆ ನನ್ನದೊಂದು ದಿನ ಬರಬೇಕು ಅಂತ.

"ನಿಮ್ಮ ಮಷಿನ್ ದಿನಾ ಹೆಂಗ ಎಣಿಸ್ತೈತ್ರಿ ಬಾಯಾರ?"

"ದಿನ ಎಣಿಸೋದಲ್ಲ ಮಾಮಾ. ಮೊದಲು ಗಂಟೆ. ಹತ್ತಿದ ದಿನದ ಮಧ್ಯಾಹ್ನದಿಂದ ಇಳಿದ ದಿನದ ಮಧ್ಯಾಹ್ನದ ತನಕ ಎಷ್ಟು ಗಂಟೆ ಅಂತ ಲೆಕ್ಕ. ಅದನ್ನು ಇಪ್ಪತ್ನಾಲ್ಕರಿಂದ ಭಾಗಿಸ್ತದೆ."

"ಉಳಿದ ಚೂರು?"

"ಉಳಿದದ್ದು ಬಿಟ್ಟು ಬಿಡ್ತದೆ. ಪೂರ್ತಿ ದಿನ ಮಾತ್ರ..."

ಖಂಡಪ್ಪ ಆಗಲೇ ತನ್ನ ಪಂಚೆಯ ತುದಿಯನ್ನು ಮೊಳ ಹಾಕುತ್ತಿದ್ದ.

"ಘಡಿ ಖಾತೆನ್ಯಾಗ ನಾವು ಗಜಾ ಹಿಡದು ಅರಿವಿ ಅಳೀತಿದ್ವಿ. ಒಂದು ಗಜ, ಎರಡು ಗಜ, ಹಿಂಗ. ಕಡೀ ತುಣುಕು ಪೂರಾ ಗಜ ಇದ್ರ ಒಳಗ. ಒಂದು ಬಟ್ಟು ಕಮ್ಮಿ ಬಿದ್ರೂ ಅದು ಚಿಂದಿ ಪುಟ್ಟಿಗೆ. ಇಡೀ ಗಜs ಹೋದಂಗ. ನಿಮ್ಮ ಖಲಾಸಿದು ಇಡೀ ಅರಿವ್ಯಾಗ ಒಂದು ತಾಸು ಕಮ್ಮಿ ಐತಿ. ಕಡೀ ದಿನ ಇಪ್ಪತ್ಮೂರು ತಾಸಿನ ತುಣುಕು. ಮಷಿನ್ ಏನು ಮಾಡತೈತಿ?"

"ಚಿಂದಿಗೆ ಹಾಕ್ತದೆ," ಅಂದಳು ವಿನೋದಿನಿ. ಕಾಗದದ ಕಟ್ಟನ್ನು ಮಡಿಲಿಗೆ ಹಾಕಿಕೊಂಡಳು. "ಅರೇ ದೇವರೇ. ಮಾರ್ಚ್ ಹತ್ತೊಂಬತ್ತಕ್ಕೆ ಲಂಡನ್ನಿನಲ್ಲಿ ದಿನಕ್ಕೆ ಇಪ್ಪತ್ಮೂರೇ ಗಂಟೆ. ನಾನು ಎಲ್ಲಾ ದಿನಕ್ಕೂ ಇಪ್ಪತ್ನಾಲ್ಕು ಅಂತ ಬರೆದಿದ್ದೇನೆ. ನಾನು ಹುಟ್ಟಿದ ಮೇಲೆ ಇಲ್ಲಿ ಗಡಿಯಾರ ತಿರುಗಿಸಿದ್ದೇ ನೋಡಿಲ್ಲ, ಅದಕ್ಕೆ ತಲೆಗೇ ಬರಲಿಲ್ಲ."

"ಅಕ್ಟೋಬರ್‌ನ್ಯಾಗ ಹಿಂದ ಇಡ್ತಾರಂತಲ್ಲ, ಆಗ?"

"ಆ ದಿನ ಇಪ್ಪತ್ತೈದು. ಒಂದು ಗಂಟೆ ಜಾಸ್ತಿ ಉಳೀತದೆ, ಅದು ಚಿಂದಿಗೆ ಹೋದ್ರೂ ದಿನ ಸರಿ ಇರ್ತದೆ. ಅಕ್ಟೋಬರ್‌ಗೆ ಮೊದಲೇ ಹತ್ತಿ ಈಗ ಇಳಿದವ್ರಿಗೆ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬಂತು. ಅದಕ್ಕೇ ಕೆಲವ್ರದ್ದು ಸರಿ, ಕೆಲವ್ರದ್ದು ತಪ್ಪು."

ಅವಳು ಗೋಡೆಯ ಮೇಲಿನ ಮೂರು ನೀಲಿ ಗೆರೆಗಳನ್ನು ನೋಡುತ್ತಾ ಕೂತಳು. "ಇದು ಎಂತ ಮಾಮಾ?"

"ನನ್ನ ಹಾಜರಿ. ಬೆಳಗಾದ್ರ ಒಂದು ಗೆರಿ. ಗಡಿಯಾರ ಕುಣೀಲಿ, ಲಾಗಾ ಹಾಕಲಿ, ಬೆಳಗು ಒಂದs ಸಲ ಆಗತೈತಿ. ತಾಸು ಎಣಿಸಬ್ಯಾಡ್ರಿ ಬಾಯಾರ, ಬೆಳಗು ಎಣಿಸ್ರಿ."

ವಿನೋದಿನಿ ಮಳೆಯಲ್ಲೇ ಒಳಗೆ ಓಡಿದಳು. ಆ ಓಟಕ್ಕೆ ಕಾಂಪೌಂಡಿನ ನೀರು ಎರಡು ಭಾಗವಾಗಿ ದಾರಿ ಬಿಟ್ಟಿತು ಅಂತ ಖಂಡಪ್ಪ ಆಮೇಲೆ ಹೇಳುತ್ತಿದ್ದ. ಈ ಒಂದು ಸಲ ದೂಜ ಕೂಡ ಹೌದು ಅಂದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಅವಳೇ ಬಂದು ಖಂಡಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ವಾಚ್‌ಮನ್ ತಡೆಯಲು ಬಂದ. "ಸರ್ ಹತ್ತಿರ ನಾನು ಮಾತಾಡ್ತೇನೆ, ಹಟೋ" ಅಂದಳು. ಬಸವಂತರಾಯರು ಮಷಿನ್ ಕೋಣೆಗೆ ಓಡಿ ಬಂದರು. ಕೈಯಲ್ಲಿ ಅದೇ ಮಾಫಿಯ ಕಾಗದ.

"ಸಹಿ ಹಾಕಾಕ ಬಂದೀಯೇನು?"

"ಹಡಗು ಹತ್ತಾಕ ಬಂದೀನ್ರಿ."

ವಿನೋದಿನಿ ಮೂಲೆಯ ಸಣ್ಣ ಮಷಿನ್ನಿನಲ್ಲಿ ಎಲ್ಲರೆದುರು ಒಂದೇ ಒಂದು ಕಾರ್ಡಿಗೆ ತೂತು ಹೊಡೆದಳು. ಖಲಾಸಿಯ ಹೆಸರು ಖಂಡಪ್ಪ. ಮಾರ್ಚ್ ಹದಿನೆಂಟರ ಮಧ್ಯಾಹ್ನ ಹಡಗು ಹತ್ತಿದ. ಮಾರ್ಚ್ ಇಪ್ಪತ್ತರ ಮಧ್ಯಾಹ್ನ ಇಳಿದ. ಅಲ್ಲಿದ್ದವರೆಲ್ಲ ಬೆರಳು ಮಡಚಿದರು. ಎರಡು ದಿನ. ದೂಜ ಚಹಾದ ಕೆಟಲಿ ಹಿಡಿದು ಬಾಗಿಲಲ್ಲೇ ನಿಂತು ಎಣಿಸಿದ, ಅವನಿಗೂ ಎರಡೇ ಬಂತು.

ಕಾರ್ಡು ಮಷಿನ್ನಿನ ಬಾಯಿಗೆ ಹೋಯಿತು. ಅದು ಗುರುಗುಟ್ಟಿ, ದೀಪ ಮಿಣುಕಿಸಿ, ಟಕಟಕ ಅಂತ ಕಾಗದ ಹೊರಗೆ ಬಿಟ್ಟಿತು. ವಿನೋದಿನಿ ಹರಿದು ಓದಿದಳು.

"ಖಂಡಪ್ಪ. ಒಂದು ದಿನ."

ಬಸವಂತರಾಯರು ಕಾಗದ ಕಸಿದುಕೊಂಡು ತಾವೇ ಓದಿದರು. ಅವಳು ಇನ್ನೊಂದು ಕಾರ್ಡು ಹೊಡೆದಳು. ಅದೇ ಖಂಡಪ್ಪ, ಅದೇ ಹೊತ್ತು, ಒಂದು ವಾರ ಆದ ಮೇಲೆ. ಇಪ್ಪತ್ತೈದಕ್ಕೆ ಹತ್ತಿದ, ಇಪ್ಪತ್ತೇಳಕ್ಕೆ ಇಳಿದ. ಮಷಿನ್ ಎರಡು ದಿನ ಅಂದಿತು.

"ಸಾಹೇಬ್ರ," ಅಂದ ಖಂಡಪ್ಪ, ಮೆಲ್ಲಗೆ. "ಒಂದs ಕಾರ್ಡು. ಲೋಕಲ್ ಹತ್ತಿಲ್ಲ, ನನ್ನ ತಲಿ ಮ್ಯಾಲೆ ಬಂದಿಲ್ಲ. ನಾ ಅದನ್ನ ಮುಟ್ಟೇ ಇಲ್ಲ. ಒಂದs ಕಾರ್ಡು ಹೆಂಗ ಹಿಂದಮುಂದ ಆಗತೈತಿ, ನೀವs ಹೇಳ್ರಿ."

ಬಸವಂತರಾಯರು ಓದಿದವರು. ಅವರಿಗೆ ತಿಳಿಯಿತು. ತಿಳಿದದ್ದು ಮುಖದ ಮೇಲೆ ಕಂಡಿತು. ಆದರೂ ಅವರು ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ದನಿ ಇಳಿಸಿ ಹೇಳಿದರು:

"ಕೇಳ್ರಿ ಇಬ್ರೂ. ನಮ್ಮ ಪ್ರೋಗ್ರಾಂ ತಪ್ಪು ಅಂತ ಲಂಡನ್ನಿಗೆ ಬರದ್ರ ಈ ಕೆಲಸ ನಮ್ಮ ಕೈ ಬಿಡ್ತದ. ಕಾರ್ಡು ಬಿದ್ವು ಅಂತ ಬರದ್ರ ಒಬ್ಬ ಆಳು ಗೇಟಿಗೆ ಹೋಗ್ತಾನ, ಅಷ್ಟs. ಖಂಡಪ್ಪ, ನಿನಗ ತಪ್ಪಿಲ್ಲ ಅಂತ ನನಗ ಗೊತ್ತಾತು. ಸಾಕಿಲ್ಲೇನು? ಒಂದು ಸಹಿ. ನನ್ನ ಸಲುವಾಗಿ."

ಹೆದರಿಸಿದ್ದರೆ ಖಂಡಪ್ಪ ನಗುತ್ತಿದ್ದ. ಇದು ಬೇಡಿಕೊಂಡ ದನಿ. ಇದು ಕಷ್ಟ. ಒಂದು ಗಳಿಗೆ ಅವನು ಆ ಕಾಗದವನ್ನು ಕೈಯಲ್ಲಿ ಹಿಡಿದು ನಿಂತ. ಮಿಲ್ಲಿನ ಗೇಟಿನಲ್ಲಿ ಹಾಸಿದ ಕಂಬಳಿ, ಅದರ ಮೇಲೆ ಕೂತ ಅಪ್ಪ, ಅವನ ಮುಂದೆಯೇ ನಡೆದು ಹೋದ ನೂರು ಜೋಡಿ ಕಾಲು ಕಣ್ಣಿಗೆ ಬಂದವು.

"ಸಾಹೇಬ್ರ, ಇವತ್ತ ನನ್ನ ತಲಿ ಮ್ಯಾಲೆ ಹಾಕ್ತೀರಿ. ಮುಂದಿನ ಮಾರ್ಚ್‌ನ್ಯಾಗ ಅವ್ರು ಮತ್ತ ಗಡಿಯಾರ ತಿರುಗಸ್ತಾರ. ಮತ್ತ ಒಂದು ದಿನ ಕಮ್ಮಿ ಬೀಳತೈತಿ. ಆಗ ಯಾರ ತಲಿ? ಆಮ್ಯಾಲಿನ ವರ್ಷ? ವರ್ಷಕ್ಕೊಬ್ಬ ಖಂಡಪ್ಪನ್ನ ಎಲ್ಲಿಂದ ತರ್ತೀರಿ?"

ಬಸವಂತರಾಯರು ಮಷಿನ್ನಿನ ಕಡೆ ನೋಡಿದರು.

"ಮತ್ತ ಅಲ್ಲಿ ಹದಿನಾಕು ಮಂದಿ ಅದಾರ. ಅವರೂ ರಾತ್ರಿ ಕಳದು ಬೆಳಗು ಮಾಡಿದವ್ರು."

ಅವನು ಜೇಬಿನಿಂದ ನೀಲಿ ಖಡು ತೆಗೆದ. ಮಾಫಿಯ ಕಾಗದವನ್ನು ಮೇಜಿನ ಮೇಲೆ ಹರವಿ ಅಂಗೈಯಿಂದ ಸುಕ್ಕು ತೀಡಿದ. ಸಹಿ ಹಾಕುತ್ತಾನೆ ಅಂತ ಬಸವಂತರಾಯರು ಉಸಿರು ಬಿಟ್ಟರು. ಖಂಡಪ್ಪ ಈ ಮೂಲೆಯಿಂದ ಆ ಮೂಲೆಗೆ, ಎಲ್ಲ ಅಕ್ಷರಗಳ ಮೇಲೆ ಹಾದು ಹೋಗುವ ಹಾಗೆ, ಒಂದು ಓರೆ ಗೆರೆ ಎಳೆದ. ಗೆರೆ ಎಲ್ಲೂ ಸೊಟ್ಟಗಾಗಲಿಲ್ಲ. ಇಪ್ಪತ್ತು ವರ್ಷ ಅರಿವೆಗೆ ಗೆರೆ ಎಳೆದ ಕೈ.

"ಟೆಲೆಕ್ಸ್ ನಾನೇ ಬರೀತೇನೆ ಸರ್," ಅಂದಳು ವಿನೋದಿನಿ. ಹೊಸ ಕಾಗದವೊಂದನ್ನು ಮುಂದಕ್ಕೆ ಎಳೆದುಕೊಂಡಳು. "ತಪ್ಪು ನಂದು. ನನ್ನ ಹೆಸರಲ್ಲೇ ಹೋಗ್ಲಿ. ಹೊಸ ಪ್ರೋಗ್ರಾಂ ರಾತ್ರಿಯೇ ಬರೆದಾಯ್ತು. ಈಗ ಅದು ಗಂಟೆ ನೋಡೋದೇ ಇಲ್ಲ. ಕ್ಯಾಲೆಂಡರಿನ ಒಂದೊಂದು ದಿನಕ್ಕೂ ಒಂದೊಂದು ನಂಬರು. ಇಳಿದ ನಂಬರಿನಿಂದ ಹತ್ತಿದ ನಂಬರು ಕಳೆದ್ರೆ ಆಯ್ತು. ಮಾಮಾನ ಗೋಡೆ ಗೆರೆ ಇದ್ದ ಹಾಗೆ. ಹದಿನಾಲ್ಕು ಮಂದಿದೂ ರನ್ ಮಾಡಿದೆ. ಎಲ್ಲಾ ನೂರ ಎಂಬತ್ತು."

ಬಸವಂತರಾಯರು ನೀಲಿ ಗೆರೆಯ ಕಾಗದವನ್ನೂ ಆ ಹುಡುಗಿಯನ್ನೂ ಮೀಸೆಯ ಆ ಮನುಷ್ಯನನ್ನೂ ಒಂದು ಸುತ್ತು ನೋಡಿದರು. ಆಮೇಲೆ ಕುರ್ಚಿಯಲ್ಲಿ ಕುಸಿದು, "ಬರೀ ಹಂಗಾರ. ಕೆಳಗ ನನ್ನ ಹೆಸರೂ ಹಾಕು. ಹೋದ್ರ ಕೂಡೇ ಹೋಗೂಣು" ಅಂದರು.

ಟೆಲೆಕ್ಸ್ ಹೋಯಿತು. ಹತ್ತು ಗಂಟೆ ಹೊಡೆಯಿತು. ಆದರೂ ಖಂಡಪ್ಪ ಬಸವಂತರಾಯರ ಕೋಣೆಯಲ್ಲಿ ಅವರ ಮೇಜಿನ ಮುಂದಿನಿಂದ ಕದಲಲಿಲ್ಲ.

"ಇನ್ನೇನಪಾ? ಪರೇಲ್‌ಗೆ ಹೋಗು, ಟ್ರೇ ಕಾಯ್ತಿರತಾವ."

"ನನ್ನ ಹಾಜರಿ ಹಾಕ್ರಿ. ಸೋಮವಾರದಿಂದ ಡ್ಯೂಟಿ ಮ್ಯಾಲೆ ಅದೀನಿ. ಒಳಗ ಬಿಡಲಿಲ್ಲ ಅನ್ನೂದು ನಿಮ್ಮ ಮಾತು, ಬಂದಿಲ್ಲ ಅನ್ನಂಗಿಲ್ಲ."

ಬಸವಂತರಾಯರು ನಿಟ್ಟುಸಿರು ಬಿಟ್ಟು ಮಸ್ಟರ್ ಪುಸ್ತಕ ತೆಗೆದರು. ಪೆನ್ನು ಹಿಡಿದು ಬಾಯಲ್ಲೇ ಲೆಕ್ಕ ಹಾಕಿದರು. "ಸೋಮವಾರ ಹನ್ನೆರಡಕ್ಕ ಹೊರಗ ಹಾಕಿದೆ. ಇವತ್ತ ಗುರುವಾರ, ಹತ್ತು ಗಂಟೆ. ಎಪ್ಪತ್ತು ತಾಸು. ಇಪ್ಪತ್ನಾಕರಿಂದ... ಎರಡು ದಿನ, ಮ್ಯಾಲೆ ಇಷ್ಟು ಚೂರು. ಎರಡು ಹಾಜರಿ."

ವಿನೋದಿನಿ ಬಾಯಿ ಮುಚ್ಚಿಕೊಂಡಳು. ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದ ದೂಜನ ಕೈಯಿಂದ ಕೆಟಲಿ ಜಾರಿ ಢಣ್ ಅಂತ ಬಿತ್ತು. ಆ ವಾರ ಆ ಆಫೀಸಿನಲ್ಲಿ ಬಿದ್ದ ವಸ್ತು ಅದೊಂದೇ.

ಖಂಡಪ್ಪ ಕಿಟಕಿಯ ಹತ್ತಿರ ಹೋಗಿ, ಮುಚ್ಚಿದ್ದ ಬಾಗಿಲನ್ನು ಪೂರಾ ತೆರೆದ. ಮಳೆ ನಿಂತಿತ್ತು. ಗೇಟಿನ ಪತ್ರಾದ ಕೆಳಗೆ ಮಾರುದ್ದದ ನೀಲಿ ಗೆರೆಗಳು ಇಲ್ಲಿಗೇ ಎದ್ದು ಕಾಣುತ್ತಿದ್ದವು.

"ಅಲ್ಲಿ ನೋಡಿ ಎಣಿಸ್ರಿ ಸಾಹೇಬ್ರ. ಸೋಮವಾರ, ಮಂಗಳವಾರ, ಬುಧವಾರ. ನಾ ಇಲ್ಲೇ ನಿಂತಿರ್ತೀನಿ."

ಬಸವಂತರಾಯರು ಕನ್ನಡಕ ಒರೆಸಿ ಗೋಡೆಯನ್ನು ನೋಡಿದರು. ಎರಡು ಅಂತ ಬರೆಯಲು ಹೊರಟಿದ್ದ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಒಂದಾದ ಮೇಲೆ ಒಂದರಂತೆ ಮೂರು ಹಾಜರಿ ಬಿದ್ದವು. ಗುರುವಾರದ್ದು ಸೇರಿ ನಾಲ್ಕು.

ಸಂಜೆ ಖಂಡಪ್ಪ ಚಾಳಿನ ಗೋಡೆಯ ಮುಂದೆ ಇದ್ದಿಲು ಹಿಡಿದು ನಿಂತ. ನಾಲ್ಕು ಗೆರೆ ಎಳೆದ. ಸ್ವಲ್ಪ ತಡೆದು, ಸಾಲಿನ ತಲೆಯಲ್ಲಿ, ಎಲ್ಲಕ್ಕಿಂತ ಮೊದಲು, ಇನ್ನೊಂದು ಎಳೆದ.

"ನಾಕು ಅಂದ್ರಿ, ಐದು ಎಳದ್ರಿ," ಅಂದಳು ಒಲೆಯ ಮುಂದಿನ ಸೋಮವ್ವ. "ಇದರಾಗೂ ಸುಳ್ಳೇನು?"

"ಅದು ನಂದಲ್ಲ," ಅಂದ ಖಂಡಪ್ಪ. "ಅಪ್ಪಂದು."